ಕಲ್ಲುಚಪ್ಪಡಿಯ ಕೆಳಗೊಂದು ಕಚೇರಿ

ಬೆಂಗಳೂರಿನಿಂದ ಬನ್ನೇರುಘಟ್ಟಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿರುವ ಅರೆಕೆರೆ ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಣ ಹಳ್ಳಿಯಾಗಿತ್ತು. ಇಂದು ನಗರವು ಅದನ್ನು ಸುತ್ತುವರಿದು ಮುಂದಕ್ಕೆ ದಾಟಿಹೋಗಿದೆ. ಆದರೂ ಊರೊಳಗಿನ ಕಿರುಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದು ಹಳೆಯ ಮನೆ ಉಳಿದುಕೊಂಡಿದೆ: ಮೊಳ ದಪ್ಪದ ಮಣ್ಣಿನ ಗೋಡೆ, ಕಲ್ಲುಕಂಬ, ಮೇಲೆ ಕಲ್ಲುಚಪ್ಪಡಿ. 'ಅರೆ' ಎಂಬ ಮಾತಿಗೆ ಅರ್ಧವೆಂದೂ ಅರ್ಥವುಂಟು, ಬಂಡೆಯೆಂದೂ ಅರ್ಥವುಂಟು. ಈ ಲೇಖನಕ್ಕೆ ಎರಡನೆಯ ಅರ್ಥವೇ ಒಪ್ಪುತ್ತದೆ.

2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಾಗ ಕಚೇರಿಗಳು ಮನೆಗಳೊಳಕ್ಕೆ ಬಂದುವಷ್ಟೆ. ಅವುಗಳಲ್ಲಿ ಕೆಲವು ಹಿಂದಿರುಗಿ ಹೋಗಲೇ ಇಲ್ಲ. ನನ್ನ ಬಳಿ ಭೌತವಿಜ್ಞಾನವನ್ನು ಓದಿದ ವಿದ್ಯಾರ್ಥಿನಿಯೊಬ್ಬಳು ವಾರಕ್ಕೆ ನಾಲ್ಕು ದಿನ ಅರೆಕೆರೆಯ ತನ್ನ ಅಜ್ಜನ ಕಾಲದ ಮನೆಯಿಂದಲೇ ಕೆಲಸಮಾಡುತ್ತಾಳೆ. ಜಗಲಿಗೆ ಹೊಂದಿಕೊಂಡಿರುವ ಮುಂಗೋಣೆಯೇ ಅವಳ ಕಚೇರಿ. ಅದರ ಉದ್ದ 3.6 ಮೀಟರು, ಅಗಲ 3, ಎತ್ತರವೂ 3. ನಟ್ಟನಡುವೆ ಒಂದು ಕಲ್ಲುಕಂಬ. ಬೇಸಿಗೆಯ ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ಅವಳಿಗೆ ತಲೆನೋವು ಮೊದಲಾಗುವುದು. ದೂರವಾಣಿಯಲ್ಲಿ ಮಾತನಾಡಿದರೆ ಕೇಳುವವರು "ಬಾವಿಯೊಳಗಿಂದ ಮಾತಾಡಿದ ಹಾಗಿದೆ" ಎನ್ನುವರು. ಗೋಡೆಯ ಬುಡದಲ್ಲಿ ತೇವ. ಸಾಲದುದಕ್ಕೆ, ಲ್ಯಾಪ್‌ಟಾಪ್ ಗಣಕದ ಲೋಹದ ಮೈಯನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುವುದು.

ಗುತ್ತಿಗೆದಾರನೊಬ್ಬನು ಬಂದು ನೋಡಿ ಎರಡು ದಾರಿಗಳನ್ನು ಹೇಳಿಹೋದನು. ಮನೆಯನ್ನೇ ಕೆಡವಿ ಕಾಂಕ್ರೀಟಿನಲ್ಲಿ ಹೊಸದಾಗಿ ಕಟ್ಟುವುದು ಒಂದು. ಅಷ್ಟು ಹಣವಿಲ್ಲದಿದ್ದರೆ ಕಂಬವನ್ನು ತೆಗೆದು, ಗೋಡೆಗೆಲ್ಲ ಸಿಮೆಂಟ್ ಗಿಲಾವು ಮಾಡಿ, ಕೆಳಗೊಂದು ಹುಸಿ ಚಾವಣಿಯನ್ನು ಕೂರಿಸಿ, ವಾತಾನುಕೂಲಿ ಯಂತ್ರವನ್ನು ಹಾಕುವುದು ಇನ್ನೊಂದು. ಮನೆಯ ಯಜಮಾನರು ಎರಡನೆಯದಕ್ಕೆ ಒಪ್ಪಿ ಮುಂಗಡವನ್ನೂ ಕೊಡುವುದರಲ್ಲಿದ್ದರು. "ಸರ್, ಕಂಬ ತೆಗೆಯೋ ಮುಂಚೆ ನೀವೊಂದು ಸಲ ಬಂದು ನೋಡಿ" ಎಂದು ಮಗಳು ಕರೆದಳು. ನಾನು ಕಟ್ಟಡ ಶಾಸ್ತ್ರಜ್ಞನಲ್ಲ. ಪದವಿ ತರಗತಿಗಳಿಗೆ ಪಾಠಹೇಳುವ ಅಧ್ಯಾಪಕ. ಒಂದು ಉಷ್ಣತಾಮಾಪಕ, ಒಂದು ಅಳತೆಪಟ್ಟಿ, ಒಂದು ಕಾಗದ ಪೆನ್ಸಿಲು ಹಿಡಿದುಕೊಂಡು ಹೋದೆನು.

ಮೊದಲು ಕಂಬದ ವಿಷಯ. ಚಾವಣಿಯ ವಿಸ್ತೀರ್ಣ 10.8 ಚದರ ಮೀಟರು. ಚಪ್ಪಡಿಗಳ ದಪ್ಪ ಸುಮಾರು 8 ಸೆಂಟಿಮೀಟರು. ಬೆಂಗಳೂರಿನ ಸುತ್ತಲಿನ ಕಗ್ಗಲ್ಲು ಘನಮೀಟರೊಂದಕ್ಕೆ ಸುಮಾರು 2,650 ಕಿಲೋಗ್ರಾಂ ತೂಗುತ್ತದೆ. ಇವನ್ನು ಗುಣಿಸಿ ನೋಡಿರಿ: ಆ ಹುಡುಗಿಯ ತಲೆಯ ಮೇಲೆ ಹೆಚ್ಚುಕಡಿಮೆ 2,300 ಕಿಲೋಗ್ರಾಂ ಕಲ್ಲು ಮಲಗಿದೆ. ಚಪ್ಪಡಿಗಳು ಒಂದು ತುದಿಯನ್ನು ಗೋಡೆಯ ಮೇಲೆಯೂ ಇನ್ನೊಂದು ತುದಿಯನ್ನು ಕೋಣೆಯ ನಡುವೆ ಅಡ್ಡಲಾಗಿರುವ ಕಲ್ಲಿನ ತೊಲೆಯ ಮೇಲೆಯೂ ಇರಿಸಿಕೊಂಡಿವೆ. ಆದ್ದರಿಂದ ಭಾರದ ಅರ್ಧ ತೊಲೆಗೆ ಬೀಳುತ್ತದೆ. ಆ ಅರ್ಧದಲ್ಲಿ ಮತ್ತೆ ಅರ್ಧ, ಎಂದರೆ ಅರ್ಧ ಟನ್ನಿಗೂ ಮೀರಿದ ಭಾರ, ಕಂಬಕ್ಕೆ ಬರುತ್ತದೆ.

ಕಂಬವನ್ನು ತೆಗೆದರೆ ಏನಾದೀತು? ತೊಲೆಯು ಒಂದೂವರೆ ಮೀಟರಿನ ಎರಡು ಹಾರಗಳಿಗೆ ಬದಲಾಗಿ ಮೂರು ಮೀಟರಿನ ಒಂದೇ ಹಾರವನ್ನು ದಾಟಬೇಕಾಗುತ್ತದೆ. ಸಮನಾಗಿ ಹರಡಿದ ಭಾರವನ್ನು ಹೊತ್ತ ತೊಲೆಯು ಬಾಗುವ ಬಲದ ಪ್ರಭಾವ ಅದರ ಉದ್ದದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಉದ್ದ ಎರಡರಷ್ಟಾದರೆ ಒಳಗಣ ಒತ್ತಡ ನಾಲ್ಕರಷ್ಟು. ಬಾಗುವ ತೊಲೆಯ ಮೇಲ್ಮೈ ಅಮುಕಿಕೊಳ್ಳುತ್ತದೆ, ಕೆಳಮೈ ಎಳೆದುಕೊಳ್ಳುತ್ತದೆ. ಕಲ್ಲು ಅಮುಕುವಿಕೆಗೆ ಅಂಜುವುದಿಲ್ಲ. ಎಳೆತವನ್ನು ಮಾತ್ರ ತಾಳಲಾರದು. ಅಮುಕಿದಾಗ ತಾಳುವುದರ ಹತ್ತರಲ್ಲೊಂದು ಪಾಲನ್ನೂ ಅದು ಎಳೆದಾಗ ತಾಳದು. ಕಬ್ಬಿಣದ ತೊಲೆ ಮುರಿಯುವ ಮುನ್ನ ಬಗ್ಗಿ ಎಚ್ಚರಿಕೆ ಕೊಡುತ್ತದೆ. ಕಲ್ಲಿಗೆ ಆ ಸೌಜನ್ಯವಿಲ್ಲ.

ಇಲ್ಲಿ ಗೆಲಿಲಿಯೋ ಹೇಳಿದ ಒಂದು ಪ್ರಸಂಗ ನೆನಪಾಗುತ್ತದೆ. 1638ರಲ್ಲಿ ಪ್ರಕಟವಾದ ಅವನ ಕೊನೆಯ ಗ್ರಂಥದಲ್ಲಿ ಅದು ಬರುತ್ತದೆ. ದೊಡ್ಡದೊಂದು ಅಮೃತಶಿಲೆಯ ಕಂಬವನ್ನು ಎರಡು ತುದಿಗಳಲ್ಲಿ ಆಧಾರವಿಟ್ಟು ಮಲಗಿಸಿದ್ದರಂತೆ. ನಡುವೆ ಮುರಿದೀತೆಂದು ಹೆದರಿ ಜಾಣನೊಬ್ಬನು ಮಧ್ಯದಲ್ಲಿ ಮೂರನೆಯ ಆಧಾರವನ್ನು ಸೇರಿಸಿದನು. ಕೆಲವು ತಿಂಗಳ ಮೇಲೆ ಕಂಬ ಸರಿಯಾಗಿ ಆ ಹೊಸ ಆಧಾರದ ಮೇಲೆಯೇ ಬಿರಿಯಿತು. ತುದಿಯ ಆಧಾರವೊಂದು ಕೊಳೆತು ಕುಸಿದುದರಿಂದ ಕಂಬದ ಅರ್ಧಭಾಗ ಗಾಳಿಯಲ್ಲಿ ಚಾಚಿಕೊಂಡು ನಿಂತಿತ್ತು. ಎಂದಮೇಲೆ ಕಲ್ಲಿಗೆ ಆಧಾರ ಕೊಡುವುದೂ ತೆಗೆಯುವುದೂ ಲೆಕ್ಕಹಾಕಿ ಮಾಡತಕ್ಕ ಕೆಲಸ.

ಅರೆಕೆರೆಯ ಕೋಣೆಯಲ್ಲಿ ಲೆಕ್ಕಕ್ಕಿಂತ ಮೊದಲೇ ಉತ್ತರ ದೊರೆಯಿತು. ಕಂಬದ ತಲೆಯ ಬೋದಿಗೆಯ ಮೇಲೆ ಹಲವು ವರ್ಷಗಳ ಸುಣ್ಣ ಪದರಪದರವಾಗಿ ಕುಳಿತಿತ್ತು. ಅದನ್ನು ಮೆಲ್ಲಗೆ ಕೆರೆದು ನೋಡಿದಾಗ ತೊಲೆಯು ಒಂದೇ ಕಲ್ಲಲ್ಲವೆಂದು ಕಂಡುಬಂದಿತು. ಎರಡು ತುಂಡುಗಳು, ಅವೆರಡೂ ಸೇರುವುದು ಬೋದಿಗೆಯ ಮೇಲೆಯೇ. ಕಂಬವನ್ನು ಕಿತ್ತಿದ್ದರೆ ಒಂದು ದಿನವೂ ಕಾಯಬೇಕಾಗಿರಲಿಲ್ಲ. ಯಜಮಾನರು ಆ ಸಂದಿನ ಮೇಲೆ ಬೆರಳಾಡಿಸಿ ಸ್ವಲ್ಪ ಹೊತ್ತು ಮಾತನಾಡಲಿಲ್ಲ. "ನಮ್ಮಪ್ಪ ಈ ಕಂಬಕ್ಕೆ ಒರಗಿಕೊಂಡೇ ಎಲೆಯಡಿಕೆ ಹಾಕ್ಕೊಳ್ತಿದ್ದರು, ಮೇಷ್ಟ್ರೇ" ಎಂದರು. ಮೇಜನ್ನು ಕಂಬದ ಪಕ್ಕಕ್ಕೆ ಸರಿಸುವುದೆಂದು ತೀರ್ಮಾನವಾಯಿತು. ಹಳೆಯ ಮನೆಯಲ್ಲಿ ಯಾವುದನ್ನಾದರೂ ತೆಗೆಯುವ ಮುನ್ನ ಅದು ಏನನ್ನು ಹೊತ್ತಿದೆಯೆಂಬುದನ್ನು ಕಣ್ಣಾರೆ ನೋಡತಕ್ಕದ್ದು. ಅನುಮಾನವಿದ್ದರೆ ರಚನಾ ಎಂಜಿನಿಯರನ್ನು ಕರೆಯತಕ್ಕದ್ದು.

ಇನ್ನು ತಲೆನೋವಿನ ವಿಚಾರ. ಮಧ್ಯಾಹ್ನ ಮೂರು ಗಂಟೆಗೆ ಚಪ್ಪಡಿಯ ಕೆಳಮೈಗೆ ಉಷ್ಣತಾಮಾಪಕವನ್ನು ಒತ್ತಿಹಿಡಿದಾಗ ಅದು 40 ಡಿಗ್ರಿ ಸೆಂಟಿಗ್ರೇಡನ್ನು ತೋರಿಸಿತು. ಅದೇ ಹೊತ್ತಿನಲ್ಲಿ ಮಣ್ಣಿನ ಗೋಡೆಯ ಒಳಮೈ 28 ಡಿಗ್ರಿಯಲ್ಲಿತ್ತು. ಬಿಸಿಲು ಒಂದೇ, ಮನೆಯೊಂದೇ, ಈ ವ್ಯತ್ಯಾಸವೇಕೆ?

ಬಿಸಿಲಿನ ಶಾಖವು ದಿನಕ್ಕೊಮ್ಮೆ ಏರಿ ಇಳಿಯುವ ಒಂದು ಅಲೆಯೆಂದು ಭಾವಿಸಿರಿ. ಈ ಅಲೆ ಗೋಡೆಯೊಳಕ್ಕೆ ಇಳಿಯುತ್ತ ಹೋದಂತೆ ಎರಡು ಸಂಗತಿಗಳಾಗುತ್ತವೆ: ಅಲೆಯ ಎತ್ತರ ಕುಗ್ಗುತ್ತದೆ, ಅದು ತಡವಾಗಿಯೂ ತಲಪುತ್ತದೆ. ಮಣ್ಣಿನಲ್ಲಾಗಲಿ ಇಟ್ಟಿಗೆಯಲ್ಲಾಗಲಿ ಸುಮಾರು 12 ಸೆಂಟಿಮೀಟರು ಸಾಗುವಷ್ಟರಲ್ಲಿ ಅಲೆಯ ಎತ್ತರ ಮೂರರಲ್ಲೊಂದು ಪಾಲಿಗೆ ಇಳಿದಿರುತ್ತದೆ, ಸುಮಾರು ನಾಲ್ಕು ಗಂಟೆ ಕಳೆದಿರುತ್ತದೆ. ನಮ್ಮ ಗೋಡೆಯ ದಪ್ಪ 45 ಸೆಂಟಿಮೀಟರು. ಮಧ್ಯಾಹ್ನದ ಶಾಖ ಅದನ್ನು ದಾಟಿ ಒಳಗೆ ಬರುವ ಹೊತ್ತಿಗೆ ನಡುರಾತ್ರಿ ಕಳೆದಿರುತ್ತದೆ, ಅಲೆ ನಲವತ್ತರಲ್ಲೊಂದು ಪಾಲಾಗಿರುತ್ತದೆ. ಇದು ಅಂದಾಜು ಲೆಕ್ಕವಾದರೂ ಒಂದು ಮಾತನ್ನು ಸ್ಪಷ್ಟಪಡಿಸುತ್ತದೆ: ಒಳಗೋಡೆಗೆ ಹಗಲಿರುಳುಗಳ ಸುದ್ದಿಯೇ ತಿಳಿಯದು. ಕಗ್ಗಲ್ಲಾದರೋ ಶಾಖವನ್ನು ಮಣ್ಣಿಗಿಂತ ಎಷ್ಟೋ ಬೇಗ ಸಾಗಿಸುತ್ತದೆ. ದಪ್ಪವೂ 8 ಸೆಂಟಿಮೀಟರು ಮಾತ್ರ. ಹನ್ನೆರಡು ಗಂಟೆಯ ಬಿಸಿಲು ಎರಡು ಗಂಟೆಗೆಲ್ಲ ಕೆಳಗಿಳಿದಿರುತ್ತದೆ.

ಆ ಕೋಣೆಯಲ್ಲಿ ಪಂಖ ತಿರುಗುತ್ತಲೇ ಇತ್ತು. ಆದರೂ ನೆತ್ತಿ ಸುಡುವುದೇಕೆ? ಶಾಖವು ಗಾಳಿಯ ಮೂಲಕ ಮಾತ್ರ ಬರುವುದಿಲ್ಲ. ವಿಕಿರಣವಾಗಿ ನೇರವಾಗಿಯೂ ಬರುತ್ತದೆ. ಯಾವ ವಸ್ತುವೇ ಆಗಲಿ ತನ್ನ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿ ವಿಕಿರಣವನ್ನು ಸೂಸುತ್ತದೆಂದು 1879ರಲ್ಲಿ ಸ್ಟೆಫಾನನು ಪ್ರಯೋಗಗಳಿಂದಲೂ 1884ರಲ್ಲಿ ಬೋಲ್ಟ್ಸ್‌ಮನ್ನನು ತರ್ಕದಿಂದಲೂ ಕಂಡುಕೊಂಡರು. 40 ಡಿಗ್ರಿಯ ಚಪ್ಪಡಿ ಚದರ ಮೀಟರಿಗೆ ಹೆಚ್ಚೆಂದರೆ 545 ವ್ಯಾಟ್ ಸೂಸಬಲ್ಲದು. 33 ಡಿಗ್ರಿಯ ನಮ್ಮ ಚರ್ಮ ಸುಮಾರು 500. 28 ಡಿಗ್ರಿಯ ಗೋಡೆ 465. ಎಂದರೆ ಗೋಡೆಯ ಕಡೆಗೆ ದೇಹವು ಶಾಖವನ್ನು ಕೊಡುತ್ತಿದೆ. ಚಪ್ಪಡಿಯ ಕಡೆಯಿಂದ ಕೊಂಡುಕೊಳ್ಳುತ್ತಿದೆ. ಪಂಖದ ಗಾಳಿ ಈ ವ್ಯಾಪಾರವನ್ನು ತಡೆಯಲಾರದು. ಚಪ್ಪಡಿಗೆ ತಾಗಿ ಕಾದ ಗಾಳಿಯನ್ನು ಅದು ಕೆಳಕ್ಕೆ ನೂಕುವುದೂ ಉಂಟು.

ಹುಸಿ ಚಾವಣಿಯು ಈ ವಿಕಿರಣವನ್ನು ಒಂದಿಷ್ಟು ಮರೆಮಾಡುವುದೆಂಬುದು ನಿಜ. ಆದರೆ ಶಾಖ ಮನೆಯೊಳಕ್ಕೆ ಬಂದಮೇಲೆ ಅದನ್ನು ತಡೆಯುವುದಕ್ಕಿಂತ ಹೊರಗೇ ತಡೆಯುವುದು ಲೇಸು. ಅಲ್ಲದೆ ಚಪ್ಪಡಿಯ ಸಂದು ಸೋರಿದರೆ ಹುಸಿ ಚಾವಣಿ ಅದನ್ನು ಕಣ್ಣಿಂದ ಮುಚ್ಚಿಡುತ್ತದೆ. ನಿರ್ಮಲವಾದ ಆಕಾಶದಲ್ಲಿ ಮಧ್ಯಾಹ್ನದ ಸೂರ್ಯನು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಸುರಿಸುತ್ತಾನೆ. ಮಳೆಗೆ ನೆನೆದು ಕಪ್ಪುಹಿಡಿದ ಚಪ್ಪಡಿ ಅದರಲ್ಲಿ ನೂರಕ್ಕೆ 70 ಪಾಲನ್ನು ಹೀರಿದರೆ ಈ ಕೋಣೆಯ ಮಾಳಿಗೆ ಹೀರುವುದು 7,500 ವ್ಯಾಟ್. ಏಳೆಂಟು ಇಸ್ತ್ರಿಪೆಟ್ಟಿಗೆಗಳನ್ನು ಕಾಯಿಸಿ ಮಾಳಿಗೆಯ ಮೇಲೆ ಜೋಡಿಸಿಟ್ಟಂತೆ! ಹೊಸದಾಗಿ ಬಳಿದ ಸುಣ್ಣವಾದರೆ ನೂರಕ್ಕೆ 70ರಿಂದ 80 ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಆಗ ಉಳಿಯುವುದು ಎರಡು ಮೂರು ಇಸ್ತ್ರಿಪೆಟ್ಟಿಗೆಗಳು ಮಾತ್ರ. ಸುಣ್ಣಕ್ಕೆ ಇನ್ನೊಂದು ಗುಣವಿದೆ. ಬೆಳಕಿಗೆ ಬಿಳಿಯದಾದ ಅದು ಶಾಖದ ದೀರ್ಘ ಅಲೆಗಳ ಮಟ್ಟಿಗೆ ಕಪ್ಪೇ ಸರಿ. ಆದಕಾರಣ ಇರುಳಿನಲ್ಲಿ ಚಪ್ಪಡಿಯ ಶಾಖವನ್ನು ಆಕಾಶಕ್ಕೆ ಧಾರಾಳವಾಗಿ ಸೂಸುತ್ತದೆ.

ಸುಣ್ಣದಿಂದ ತಂಪಾಗುವುದೆಂದರೆ ಯಜಮಾನರು ನಂಬಲಿಲ್ಲ. ಮಾಳಿಗೆಯ ಅರ್ಧಕ್ಕೆ ಮಾತ್ರ ಎರಡು ಸಲ ಸುಣ್ಣ ಬಳಿದು ಉಳಿದರ್ಧವನ್ನು ಹಾಗೆಯೇ ಬಿಟ್ಟೆವು. ಎರಡು ದಿನ ಕಳೆದು ಮಧ್ಯಾಹ್ನ ಅವರು ಮುಕ್ಕಾಲಿಯ ಮೇಲೆ ನಿಂತು ಒಂದು ಅಂಗೈಯನ್ನು ಈ ಅರ್ಧದ ಕೆಳಗೂ ಇನ್ನೊಂದನ್ನು ಆ ಅರ್ಧದ ಕೆಳಗೂ ಒತ್ತಿ ನೋಡಿದರು. "ಇನ್ನರ್ಧಕ್ಕೆ ಸುಣ್ಣ ಎಷ್ಟು ತರಬೇಕು?" ಎಂಬುದು ಅವರು ಕೆಳಗಿಳಿದು ಆಡಿದ ಮೊದಲ ಮಾತು. ವಿದ್ಯಾರ್ಥಿಗಳು ಈ ಪ್ರಯೋಗವನ್ನು ತಮ್ಮ ಮನೆಯ ಮಾಳಿಗೆಯ ಮೇಲೆಯೂ ಮಾಡಿನೋಡಬಹುದು. ಧೂಳು ಪಾಚಿಗಳಿಂದ ಸುಣ್ಣ ಮಾಸುವುದರಿಂದ ಪ್ರತಿವರ್ಷ ಮಳೆಗಾಲ ಕಳೆದಮೇಲೆ ಮತ್ತೆ ಬಳಿಯಬೇಕೆಂಬುದನ್ನು ಮರೆಯಬಾರದು. ಮಾಳಿಗೆಯ ಮೇಲೆ ಮಣ್ಣು ಹರಡಿ ತೋಟ ಮಾಡಿದರೆ ಇನ್ನೂ ತಂಪಲ್ಲವೇ ಎಂದು ಹುಡುಗಿ ಕೇಳಿದಳು. ಹತ್ತು ಸೆಂಟಿಮೀಟರಿನ ನೆನೆದ ಮಣ್ಣು ಚದರ ಮೀಟರಿಗೆ 180 ಕಿಲೋಗ್ರಾಮಿಗೆ ಕಡಮೆಯಿಲ್ಲ. ಚಪ್ಪಡಿಯ ತೂಕವೇ 212. ಹೊತ್ತ ಭಾರವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡುವ ಸಾಹಸ ಬೇಡವೆಂದೆನು. ಅದರ ಬದಲು ಅಂಗಳದಲ್ಲಿ ನೆಟ್ಟ ಸೀಮೆಬದನೆಯ ಬಳ್ಳಿಯನ್ನು ಮಾಳಿಗೆಯ ಮೇಲೆ ಹಗುರವಾದ ಬಿದಿರಿನ ಚಪ್ಪರಕ್ಕೆ ಹಬ್ಬಿಸಿದ್ದಾರೆ. ನೆರಳಿಗೆ ನೆರಳು, ಸಾರಿಗೆ ಕಾಯಿ.

ತೇವದ ಕಥೆ ಬೇರೆ. ಗೋಡೆಯ ಬುಡಕ್ಕೆ ಒಂದಾಳೆತ್ತರದವರೆಗೆ ಸಿಮೆಂಟ್ ಗಿಲಾವನ್ನು ಹಿಂದೆಯೇ ಯಾರೋ ಮಾಡಿಸಿದ್ದರು. ಅದು ಬುರುಬುರನೆ ಉದುರುತ್ತಿತ್ತು. ಅದರಂಚಿನಲ್ಲಿ ಬಿಳಿಯ ಉಪ್ಪು ಹೂಬಿಟ್ಟಿತ್ತು. ನೆಲದ ನೀರು ಗೋಡೆಯ ಸೂಕ್ಷ್ಮರಂಧ್ರಗಳಲ್ಲಿ ದೀಪದ ಬತ್ತಿಯಲ್ಲಿ ಎಣ್ಣೆಯೇರುವಂತೆ ಏರುತ್ತದೆ. ರಂಧ್ರ ಕಿರಿದಾದಷ್ಟೂ ಏರುವ ಎತ್ತರ ಹೆಚ್ಚು: ರಂಧ್ರದ ತ್ರಿಜ್ಯ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿದ್ದರೆ ಸುಮಾರು 15 ಸೆಂಟಿಮೀಟರು, ನೂರರಲ್ಲೊಂದು ಪಾಲಿದ್ದರೆ ಒಂದೂವರೆ ಮೀಟರು. ಮಣ್ಣಿನ ಗೋಡೆಗೆ ಸುಣ್ಣದ ಗಾರೆಯಿದ್ದಾಗ ಏರಿದ ನೀರು ಅದರ ಮೂಲಕ ದಾರಿಯಲ್ಲೇ ಆರಿಹೋಗುತ್ತಿತ್ತು. ಸಿಮೆಂಟು ಆ ದಾರಿಯನ್ನು ಮುಚ್ಚಿತು; ನೀರು ಹೊರಬೀಳಲು ಜಾಗ ಹುಡುಕುತ್ತ ಇನ್ನೂ ಮೇಲಕ್ಕೆ ಹೋಯಿತು. ನೀರಿನಲ್ಲಿ ಕರಗಿಬಂದ ಲವಣಗಳು ಹರಳುಗಟ್ಟುವಾಗ ಗಿಲಾವನ್ನು ಒಳಗಿನಿಂದ ಒಡೆದುವು. ಗಿಲಾವನ್ನು ಕೆತ್ತಿ ತೆಗೆದು, ಗೋಡೆಯನ್ನು ಒಂದು ಬೇಸಿಗೆ ಒಣಗಲು ಬಿಟ್ಟು, ಸುಣ್ಣದ ಗಾರೆಯನ್ನೇ ಮತ್ತೆ ಮಾಡಿಸಿದ್ದಾಯಿತು. ಹೊರಗಡೆ ಮಳೆನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಇಳಿಜಾರು ಮಾಡಿದುದು ಇದೆಲ್ಲಕ್ಕಿಂತ ಮುಖ್ಯ.

ಮಣ್ಣಿನ ಗೋಡೆಯೆಂದರೆ ಬಡತನದ ಗುರುತೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರವನ್ನು ಸ್ಥಾಪಿಸಿದಾಗ ಅಲ್ಲಿನ ವಿಜ್ಞಾನಿಗಳು ಕೈಹಾಕಿದ ವಿಷಯಗಳಲ್ಲಿ ಮಣ್ಣೂ ಒಂದು. ಕೆ. ಎಸ್. ಜಗದೀಶ್ ಅವರೂ ಸಂಗಡಿಗರೂ ಮಣ್ಣಿಗೆ ಸ್ವಲ್ಪ ಸಿಮೆಂಟನ್ನು ಬೆರಸಿ ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆಗಳನ್ನು ಮಾಡುವ ವಿಧಾನವನ್ನು ಬೆಳೆಸಿದರು. ಅರೆಕೆರೆಗೆ ಸಮೀಪದ ಬಿಳೇಕಹಳ್ಳಿಯಲ್ಲಿ ಬಾಲಕೃಷ್ಣ ದೋಶಿಯವರು ರೂಪಿಸಿದ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಕಟ್ಟಡಗಳನ್ನು ನೋಡಿದವರಿಗೆ ಒರಟು ಕಗ್ಗಲ್ಲಿನ ಗೋಡೆಯೂ ಎಷ್ಟು ಗಂಭೀರವಾಗಿರಬಲ್ಲದೆಂಬುದು ತಿಳಿದೇ ಇದೆ.

ಬೆಳಕಿನ ಬಗ್ಗೆ ಒಂದೇ ಮಾತು. ಉತ್ತರದ ಕಿಟಕಿಗೆ ಬಿಸಿಲು ಬೀಳುವುದಿಲ್ಲವೆಂದು ಇಂಗ್ಲಿಷ್ ಪುಸ್ತಕಗಳು ಹೇಳುತ್ತವೆ. ಅದು ಲಂಡನ್ನಿನಲ್ಲಿ ಕೊಠಡಿ ಕಟ್ಟುವವರ ಮಾತು. ಉತ್ತರ ಅಕ್ಷಾಂಶ 13 ಡಿಗ್ರಿಗೆ ತುಸು ಕೆಳಗಿರುವ ಅರೆಕೆರೆಯಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲ ಸೂರ್ಯನು ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆದರೆ ಹೆಚ್ಚೆಂದರೆ ಹತ್ತೂವರೆ ಡಿಗ್ರಿ; ಸಣ್ಣದೊಂದು ಸಜ್ಜೆ ಸಾಕು. ತೊಂದರೆಯಿದ್ದುದು ಪಡುವಣ ಕಿಟಕಿಯಲ್ಲಿ. ಅದಕ್ಕೆ ಒಳಗೆ ಪರದೆ ಹಾಕುವ ಬದಲು ಹೊರಗೆ ಬಿದಿರಿನ ತಟ್ಟಿಯನ್ನು ಇಳಿಬಿಟ್ಟರು. ಬಿಸಿಲು ಗಾಜನ್ನು ದಾಟಿ ಒಳಗೆ ಶಾಖವಾಗಿ ಮಾರ್ಪಟ್ಟಮೇಲೆ ಗಾಜು ಆ ಶಾಖದ ವಿಕಿರಣವನ್ನು ಹೊರಗೆ ಬಿಡದಷ್ಟೆ.

'ಬಾವಿಯ' ದನಿಗೆ ಕಾರಣ ಅನುರಣನ. ಬರಿಯ ಗೋಡೆ, ಕಾವಿನೆಲ, ಕಲ್ಲಿನ ಚಾವಣಿ ಇವು ಶಬ್ದವನ್ನು ಹೀರದೆ ಮತ್ತೆ ಮತ್ತೆ ಮರಳಿಸುತ್ತವೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಮಂದಿರವೊಂದರಲ್ಲಿ ಇದೇ ತೊಂದರೆಯಿತ್ತು. ಅಧ್ಯಾಪಕನ ಒಂದು ಮಾತು ಐದಾರು ಸೆಕೆಂಡು ಕೊಠಡಿಯಲ್ಲಿ ಸುಳಿಯುತ್ತಿತ್ತು. ಅದನ್ನು ಸರಿಪಡಿಸಲು ನೇಮಕವಾದ ತರುಣ ಭೌತವಿಜ್ಞಾನಿ ವಾಲೇಸ್ ಸ್ಯಾಬಿನ್ ರಾತ್ರಿಯ ನೀರವದಲ್ಲಿ ಪಕ್ಕದ ರಂಗಮಂದಿರದ ಮೆತ್ತೆಗಳನ್ನು ಹೊರಿಸಿ ತಂದು ಜೋಡಿಸುತ್ತ, ತೆಗೆಯುತ್ತ ಅಳೆದನು. ಅವನಿಗೆ ದೊರೆತ ಸೂತ್ರ ಸರಳವಾದುದು: ಕೋಣೆಯ ಘನಮೀಟರುಗಳನ್ನು 0.161ರಿಂದ ಗುಣಿಸಿ, ಶಬ್ದವನ್ನು ಪೂರ್ಣವಾಗಿ ಹೀರುವ ಮೈಯ ಸಮಾನ ಚದರ ಮೀಟರುಗಳಿಂದ ಭಾಗಿಸಿದರೆ ಅನುರಣನದ ಸೆಕೆಂಡುಗಳು ಬರುತ್ತವೆ.

ನಮ್ಮ ಕೋಣೆಯ ಗಾತ್ರ 32.4 ಘನಮೀಟರು. ಬರಿಗೋಡೆಗಳಿದ್ದಾಗ ಹೀರುವ ಮೈ ಎಲ್ಲ ಸೇರಿ ಸುಮಾರು 2 ಚದರ ಮೀಟರಿಗೆ ಸಮ. ಆಗ ಅನುರಣನ 2.6 ಸೆಕೆಂಡು. ನೆಲಕ್ಕೆ ಜಮಖಾನ, ಬಾಗಿಲಿಗೆ ದಪ್ಪನೆಯ ಪರದೆ, ಒಂದು ಗೋಡೆಯ ತುಂಬ ಪುಸ್ತಕದ ಕಪಾಟು, ಮೇಜಿನ ಎದುರಿನ ಗೋಡೆಗೆ ಒಂದು ಹತ್ತಿಯ ಕೌದಿ ಬಂದಮೇಲೆ ಅದು 8 ಚದರ ಮೀಟರಿನ ಹತ್ತಿರಕ್ಕೆ ಏರಿತು. ಲೆಕ್ಕದಂತೆ ಅನುರಣನ ಮುಕ್ಕಾಲು ಸೆಕೆಂಡಿಗೂ ಕಡಮೆಯಾಗಬೇಕು. ಕಿವಿಗೂ ಹಾಗೆಯೇ ಕೇಳಿಸಿತು.

ಬೆರಳು ಜುಮ್ಮೆನ್ನುವುದನ್ನು ಮನೆಯವರೆಲ್ಲರೂ ಹಗುರವಾಗಿ ತೆಗೆದುಕೊಂಡಿದ್ದರು. ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾದುದು ಅದನ್ನು ಕೇಳಿಯೇ. ಗಣಕಕ್ಕೆ ವಿದ್ಯುತ್ತನ್ನು ಒದಗಿಸುವ ಪೆಟ್ಟಿಗೆಯಲ್ಲಿ ಸಣ್ಣ ಧಾರಕಗಳಿರುತ್ತವೆ. ಭೂಸಂಪರ್ಕದ ತಂತಿಯಿಲ್ಲದಿದ್ದರೆ ಅವುಗಳ ಮೂಲಕ ಲೋಹದ ಮೈಗೆ ಅತ್ಯಲ್ಪ ಪ್ರವಾಹ ಬರುತ್ತದೆ. ಮಿಲಿಆಂಪಿಯರಿನ ಒಂದು ಪಾಲು ಮಾತ್ರ. ಅದು ಕೊಲ್ಲದು. ಆದರೆ ಗೋಡೆಯ ಮೂರನೆಯ ತೂತಿನ ಹಿಂದೆ ಏನೂ ಇಲ್ಲವೆಂಬುದನ್ನು ಅದು ಸಾರಿ ಹೇಳುತ್ತಿದೆ. ತೆಗೆದು ನೋಡಿದರೆ ನಿಜವಾಗಿಯೂ ಏನೂ ಇರಲಿಲ್ಲ. ಫ್ಯೂಸಿನಲ್ಲಿ ತೆಳುತಂತಿಯ ಬದಲು ದಪ್ಪ ತಾಮ್ರದ ತಂತಿಯನ್ನು ಸುತ್ತಿದ್ದರು. ಇಂತಹ ಮನೆಯಲ್ಲಿ ನಾಳೆ ಇಸ್ತ್ರಿಪೆಟ್ಟಿಗೆಯ ಒಳತಂತಿ ಮೈಗೆ ತಾಗಿದರೆ 230 ವೋಲ್ಟಿಗೂ ನೆಲಕ್ಕೂ ನಡುವೆ ಇರುವುದು ಮನುಷ್ಯದೇಹ ಒಂದೇ. ಇದರ ಮೇಲೆ ವಾತಾನುಕೂಲಿ ಯಂತ್ರವನ್ನೂ ಹಾಕಿದ್ದರೆ? ಗಣಕ ಸೆಳೆಯುವುದು ಆಂಪಿಯರಿನ ಮೂರರಲ್ಲೊಂದು ಪಾಲು. 1,500 ವ್ಯಾಟಿನ ಯಂತ್ರ ಆರೂವರೆ ಆಂಪಿಯರು, ಸುಮಾರು ಇಪ್ಪತ್ತರಷ್ಟು. ತಂತಿ ಕಾಯುವುದು ಪ್ರವಾಹದ ವರ್ಗದ ಅನುಪಾತದಲ್ಲಾದ್ದರಿಂದ ಹಳೆಯ ತಂತಿಯಲ್ಲಿ ಹುಟ್ಟುವ ಶಾಖ ನಾನೂರರಷ್ಟು!

ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನು ಬಂದು ತಂತಿಗಳನ್ನೆಲ್ಲ ಬದಲಾಯಿಸಿ, ಅಂಗಳದಲ್ಲಿ ಭೂಸಂಪರ್ಕದ ಗುಂಡಿ ತೋಡಿ, 30 ಮಿಲಿಆಂಪಿಯರಿನ ರಕ್ಷಕಯಂತ್ರವನ್ನು ಕೂರಿಸಿದನು. ಹೋಗುವ ಪ್ರವಾಹವೂ ಹಿಂದಿರುಗುವ ಪ್ರವಾಹವೂ ಒಂದೇ ಕಬ್ಬಿಣದ ಬಳೆಯೊಳಗೆ ಹಾಯುವಂತೆ ಅದರ ರಚನೆಯಿದೆ. ಎರಡೂ ಸಮನಾಗಿದ್ದರೆ ಬಳೆಯಲ್ಲಿ ಕಾಂತತ್ವ ಹುಟ್ಟದು. ಒಂದಿಷ್ಟು ಪ್ರವಾಹ ಬೇರೆ ದಾರಿಯಲ್ಲಿ ನೆಲಕ್ಕೆ ಸೋರಿದರೆ ಕೂಡಲೆ ಅದು ಸಂಪರ್ಕವನ್ನು ಕಡಿಯುತ್ತದೆ. ಈ ಕೆಲಸವೊಂದನ್ನು ವಿದ್ಯಾರ್ಥಿಗಳು ತಾವೇ ಮಾಡಲು ಹೊರಡಬಾರದು. ಒಟ್ಟು ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಇದಕ್ಕೇ ಹೋಯಿತು, ಯಜಮಾನರು ಗೊಣಗಲಿಲ್ಲ.

ಒಂದು ತೊಂದರೆ ಮಾತ್ರ ನಮ್ಮಿಂದ ಪರಿಹಾರವಾಗಲಿಲ್ಲ. ಕೌದಿಯೂ ಜಮಖಾನವೂ ಒಳಗಿನ ಶಬ್ದವನ್ನು ಹೀರಬಲ್ಲವೇ ಹೊರತು ಹೊರಗಿನದನ್ನು ತಡೆಯಲಾರವು. ಗೋಡೆಯೇನೋ ದಪ್ಪನಾಗಿದೆ, ಆದರೆ ಗಾಳಿ ಬರುವ ಕಿಟಕಿಯಲ್ಲಿ ಬನ್ನೇರುಘಟ್ಟ ರಸ್ತೆಯ ಕಡೆಯ ಸದ್ದೂ ಬರುತ್ತದೆ. ಆದುದರಿಂದ ಮುಖ್ಯವಾದ ಮಾತುಕತೆಯಿದ್ದಾಗ ಹುಡುಗಿ ಕಿಟಕಿಯನ್ನು ಮುಚ್ಚಿಕೊಳ್ಳುತ್ತಾಳೆ. ಕುಳಿತ ಮನುಷ್ಯನ ದೇಹ ಸುಮಾರು 100 ವ್ಯಾಟ್, ಗಣಕ ಐವತ್ತು ಅರುವತ್ತು ವ್ಯಾಟ್ ಶಾಖವನ್ನು ಹೊರಹಾಕುತ್ತವೆ. ಅರ್ಧ ಗಂಟೆಯಾದಮೇಲೆ ಮತ್ತೆ ತೆರೆಯುತ್ತಾಳೆ.